ಬೆಂಕಿ ಇಲ್ಲದ ಊರಿನಿಂದ ಬೆಂಕಿ ಅರ್ಜಿ

ಹೊಳೆನರಸೀಪುರ ತಾಲೂಕಿನ ಹರದನಹಳ್ಳಿ ದೇಶಕ್ಕೆ ದೇವೇಗೌಡರೆಂಬ ಪ್ರಧಾನಿಯನ್ನು ಕೊಟ್ಟ ಊರು. ಹಾಗಾಗಿ ಇಲ್ಲಿ ರಾಜಕೀಯ ಗೊತ್ತಿಲ್ಲ ಅನ್ನುವವನಿಗೆ ಹೆಣ್ಣು ಸಿಗುವುದೂ ಕಷ್ಟ. ಜವರೇಗೌಡರಿಗೆ 72 ವರ್ಷ. ಆರು ತಿಂಗಳಿಂದ ಮೈಮೇಲೆ ಅಂಗಿಯಿಲ್ಲ. ಏನೋ ಹರಕೆ ಇರಬೇಕೆಂದು ಊರವರು ಕೈಮುಗಿದು ಹೋಗುತ್ತಾರೆ. ಅಂಗಿಯ ಬಟ್ಟೆ ಸೋಕಿದರೆ ಗೌಡರು ಕಿರುಚುವುದು ಮನೆಯವರಿಗಷ್ಟೇ ಗೊತ್ತು. ಭಾಮೈದ ಪುಟ್ಟಸ್ವಾಮಿ ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದವನು. ಸಕ್ಕರೆ ಕಾಯಿಲೆ ಹಳೆಯದು, ಸಿಹಿಯ ಆಸೆ ಅದಕ್ಕಿಂತ ಹಳೆಯದು. ಸಾಕಮ್ಮ ಇವನ ಅಕ್ಕ, ಗೌಡರ ಹೆಂಡತಿ. ಮೊಮ್ಮಗಳು ಸಿಂಚನ ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಭಾನುವಾರ ಒಂದಿಷ್ಟು ನಿದ್ದೆ ಮಾಡೋಣವೆಂದು ಊರಿಗೆ ಬಂದಿದ್ದಾಳೆ, ಪಾಪ.

ಪುಟ್ಟಸ್ವಾಮಿ: (ಜಗಲಿ ಹತ್ತುತ್ತ) ಬಾವ, ಹೆಂಗಿದ್ದೀರಿ?

ಜವರೇಗೌಡ: ನಂದು ಆಮೇಲಾಯ್ತದೆ. ಇನ್ನೊಂದು ಕಾಲಿನ ಚಪ್ಪಲಿ ಎಲ್ಲೋ?

ಪುಟ್ಟಸ್ವಾಮಿ: (ಕಾಲು ನೋಡಿಕೊಂಡು) ಅರೆ! ಬಸ್ ಇಳಿವಾಗ ಎರಡೂ ಇತ್ತಲ್ಲ ಬಾವ.

ಜವರೇಗೌಡ: ಅಲ್ಲಿಂದ ಇಲ್ಲಿಗಂಟ ಒಂದು ಕಾಲು ಬರಿಗಾಲಲ್ಲೇ ಬಂದದೆ. ಜಲ್ಲಿಕಲ್ಲು ಚುಚ್ಚಿದ್ದೂ ಗೊತ್ತಾಗ್ಲಿಲ್ವಾ?

ಪುಟ್ಟಸ್ವಾಮಿ: ಹಗಲೊತ್ತು ಈ ಪಾದ ನಂದೇ ಅಲ್ಲ ಬಾವ. ಮುಳ್ಳು ಮುರುದ್ರೂ ಗೊತ್ತಾಗಕಿಲ್ಲ. ರಾತ್ರಿ ಹತ್ತು ಗಂಟೆ ಆಗ್ಲಿ, ಇದೇ ಪಾದಕ್ಕೆ ದುಪ್ಪಟಿ ಸೋಕಂಗಿಲ್ಲ. ಉರಿ ಅಂದ್ರೆ ಉರಿ. ಎದ್ದೋಗಿ ಬಚ್ಚಲಲ್ಲಿ ಕಾಲಿಗೆ ನೀರು ಸುರ್ಕಂಡು ಕೂತಿರ್ತೀನಿ. ಬೆಳಿಗ್ಗೆ ತೊಟ್ಟಿ ಖಾಲಿ, ನಿಮ್ಮ ತಂಗಿ ಬಾಯಿ ಭರ್ತಿ.

ಜವರೇಗೌಡ: ನಂದೂ ಉರಿನೇ ಕಣ್ಲಾ. ಬೆನ್ನಿಂದ ಎದೆಗಂಟ. ಸರ್ಪಸುತ್ತು ಬಂದು ಆರು ತಿಂಗಳಾಯ್ತು. ಗುಳ್ಳೆ ಒಣಗಿ ಉದುರಿದೊ. ಉರಿ ಮಾತ್ರ ಇಲ್ಲೇ ಮನೆ ಮಾಡ್ಕಂಡದೆ.

ಪುಟ್ಟಸ್ವಾಮಿ: ಕೆಮ್ಮಣ್ಣು ಹಚ್ಚಿಸ್ಲಿಲ್ವಾ?

ಸಾಕಮ್ಮ: (ಒಳಗಿಂದ) ಹಚ್ಚಿಸಿದ್ದಾಯ್ತು, ಮಂತ್ರ ಹಾಕ್ಸಿದ್ದಾಯ್ತು. ಅರಕಲಗೂಡಿನ ರಾಮನಾಥಪುರಕ್ಕೆ ಕರ್ಕೊಂಡೋಗಿ ಕಾವೇರೀಲಿ ಮುಳುಗ್ಸಿ ಸುಬ್ರಹ್ಮಣ್ಯಂಗೆ ಅಡ್ಡಬೀಳ್ಸಿದ್ದೂ ಆಯ್ತು. ಹಾವಿನ ತಲೆ ಬಾಲ ಕೂಡಿದ್ರೆ ಮನುಷ್ಯ ಉಳಿಯಕಿಲ್ಲ ಅಂತಾರಲ್ಲ, ದಿನಾ ಬೆಳಿಗ್ಗೆ ದಾರ ಹಿಡ್ದು ಇವರ ಎದೆ ಅಳೀತಿದ್ದೆ.

ಸಿಂಚನ: ಕೂಡೋದೇ ಇಲ್ಲ ಅಜ್ಜಿ. ಅದು ಒಂದೇ ನರದ ದಾರಿ ಹಿಡಿದು, ಮೈಯ ಒಂದೇ ಮಗ್ಗುಲಿಗೆ ಬರೋದು. ನಡುಮಧ್ಯ ದಾಟೋದು ತೀರಾ ಅಪರೂಪ. ತಾತಂಗೆ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಲ್ಲ, ಸೀತಾಳೆ ಸಿಡುಬು, ಆ ವೈರಸ್ಸು ವಾಸಿಯಾದ ಮೇಲೂ ಹೋಗಲ್ಲ. ಬೆನ್ನುಹುರಿ ಪಕ್ಕದ ನರದ ಗಂಟಲ್ಲಿ ಮಲಗಿರುತ್ತೆ. ವಯಸ್ಸಾಗಿ ಮೈಯಲ್ಲಿ ಕಸುವು ಕಮ್ಮಿಯಾದಾಗ ಎದ್ದು ಬರುತ್ತೆ.

ಜವರೇಗೌಡ: 60 ವರ್ಷ ಬಾಡಿಗೆ ಕೊಡ್ದಲೇ ಇತ್ತು ಅನ್ನು!

ಸಿಂಚನ: ಗುಳ್ಳೆ ಎದ್ದ ಮೂರು ದಿನದೊಳಗೆ ಹೋಗಿದ್ರೆ ವೈರಸ್ಸಿಗೇ ಮಾತ್ರೆ ಶುರು ಮಾಡ್ತಿದ್ರು. ನೀವು ಹೋಗಿದ್ದು ಹದಿನೈದನೇ ದಿನ.

ಸಾಕಮ್ಮ: ಹದಿನಾಲ್ಕು ದಿನ ನಾನು ಅಳೀತಿದ್ನಲ್ಲ!

ಪುಟ್ಟಸ್ವಾಮಿ: ಈಗೇನ್ ಮಾತ್ರೆ ಕೊಟ್ಟವ್ರೆ ಬಾವ?

ಜವರೇಗೌಡ: (ದನಿ ತಗ್ಗಿಸಿ) ಮೆಲ್ಲಗೆ ಮಾತಾಡು. ಅಮಿಟ್ರಿಪ್ಟಿಲಿನ್. 10 ಎಂ.ಜಿ., ರಾತ್ರಿ ಒಂದು. ಪಕ್ಕದ ಮನೆ ಹೈದ ಮೊಬೈಲಲ್ಲಿ ನೋಡಿ ಖಿನ್ನತೆ ಮಾತ್ರೆ ಅಂದ್ಬುಟ್ಟ. ಸಂಜೆ ಹೊತ್ತಿಗೆ ಡೈರಿ ಹತ್ರ ಹಾಲು ಹಾಕಕ್ಕೆ ಬಂದವರೆಲ್ಲ ‘ಗೌಡ್ರೆ, ಯಾವುದೂ ಮನಸಿಗೆ ಹಚ್ಕಬ್ಯಾಡಿ’ ಅಂತವ್ರೆ.

ಸಾಕಮ್ಮ: ಇವರಿಗೆಂಥ ಖಿನ್ನತೆ? 48 ವರ್ಷ ಇವರ ಜೊತೆ ಸಂಸಾರ ಮಾಡಿರೋಳು ನಾನು. ಬರದಾದ್ರೆ ನಂಗೆ ಬರಬೇಕು.

ಪುಟ್ಟಸ್ವಾಮಿ: ನಂದು ಕೇಳಿ. ಪ್ರೀಗಾಬಲಿನ್, 75. ಮೂರ್ಛೆ ರೋಗದ ಮಾತ್ರೆಯಂತೆ! ನಿಮ್ಮ ತಂಗಿ ಬೀಗದ ಕೈ ಗೊಂಚಲು ದಿಂಬಿನಡಿ ಮಡಿಕ್ಕಂಡು ಮಲಗ್ತಾಳೆ. ನಾನು ಬಿದ್ರೆ ಕೈಗೆ ಕೊಡಕ್ಕೆ.

ಸಿಂಚನ: ಬೀಗದ ಕೈಯಿಂದ ಮೂರ್ಛೆನೂ ಹೋಗಲ್ಲ, ನಿಮಗೆ ಮೂರ್ಛೆನೂ ಇಲ್ಲ. ಇಬ್ಬರಿಗೂ ಸರಿಯಾದದ್ದೇ ಕೊಟ್ಟಿದ್ದಾರೆ. ತಾತಂದು ಹಳೇ ಮಾತ್ರೆ. ಅಮೆರಿಕದಲ್ಲಿ 1961ರಲ್ಲಿ ಖಿನ್ನತೆಗೆ ಅಂತಲೇ ಬಂತು. ಕಡಿಮೆ ಪ್ರಮಾಣದಲ್ಲಿ ಕೊಟ್ರೆ ನರದ ನೋವು ಇಳಿಸುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು.

ಜವರೇಗೌಡ: 1961ರಲ್ಲಿ ದೇವೇಗೌಡ್ರು ಇನ್ನೂ ಎಮ್ಮೆಲ್ಲೆನೇ ಆಗಿರ್ಲಿಲ್ಲ. ಮಾರನೇ ವರ್ಷ ತಾನೆ ಪಕ್ಷೇತರರಾಗಿ ನಿಂತು ಗೆದ್ದದ್ದು.

ಸಿಂಚನ: ಪ್ರೀಗಾಬಲಿನ್ನಿಗೆ ಒಬ್ಬ ಅಣ್ಣ ಇದ್ದಾನೆ, ಗ್ಯಾಬಪೆಂಟಿನ್. ಅವನು 1993ರಲ್ಲಿ ಮೂರ್ಛೆ ಔಷಧ ಅಂತಲೇ ಬಂದದ್ದು. ತಮ್ಮನಿಗೆ 2004ರಲ್ಲಿ ಅಮೆರಿಕದವರು ಮೊದಲು ಒಪ್ಪಿಗೆ ಕೊಟ್ಟಿದ್ದೇ ಶುಗರಿನ ನರನೋವಿಗೆ ಮತ್ತೆ ಸರ್ಪಸುತ್ತಿನ ನೋವಿಗೆ.

ಜವರೇಗೌಡ: 2004 ಅಂದ್ರೆ ಧರ್ಮಸಿಂಗ್ ಸರ್ಕಾರ. ಸಮ್ಮಿಶ್ರ.

(ಗೌಡರ ಕ್ಯಾಲೆಂಡರಿನಲ್ಲಿ ತಿಂಗಳುಗಳಿಲ್ಲ, ಸಂಪುಟಗಳಿವೆ. ಮಗಳ ಮದುವೆ ಯಾವಾಗ ಆಯಿತೆಂದು ಕೇಳಿದರೆ ಮುಖ್ಯಮಂತ್ರಿಯ ಹೆಸರು ಹೇಳುತ್ತಾರೆ.)

ಪುಟ್ಟಸ್ವಾಮಿ: ಸರಿ ಕಣವ್ವ. ಆದ್ರೆ ನೋವಿಗೆ ನೋವಿನ ಮಾತ್ರೆ ಕೊಡದ ಬಿಟ್ಟು ಈ ಸುತ್ತು ದಾರಿ ಯಾಕೆ? ಮೆಡಿಕಲ್ ಸ್ಟೋರಲ್ಲಿ ಡೈಕ್ಲೋಫೆನಾಕ್ ತಗಂಡ್ರೆ ಸೊಂಟ ನೋವು ಅರ್ಧ ಗಂಟೇಲಿ ಹೋಯ್ತದೆ.

ಸಿಂಚನ: ಸೊಂಟ ಬೇರೆ, ಇದು ಬೇರೆ. ಕಾಲಿಗೆ ಗಾಯ ಆಯ್ತು ಅಂದ್ಕೊಳಿ. ಆ ಸುದ್ದಿ ನರದಲ್ಲಿ ಬೆನ್ನುಹುರಿಗೆ ಹೋಗುತ್ತೆ, ಅಲ್ಲಿಂದ ಮೆದುಳಿಗೆ.

ಜವರೇಗೌಡ: ತಡಿ ತಡಿ. ಹರದನಹಳ್ಳಿಯಿಂದ ಹಾಸನದ ಡಿ.ಸಿ. ಆಫೀಸು, ಅಲ್ಲಿಂದ ದಿಲ್ಲಿ. ಅರ್ಜಿ ಹೋಗೋ ದಾರಿ!

ಸಿಂಚನ: ಹೂಂ ತಾತ, ಹಂಗೇ ಇಟ್ಕೊಳಿ. ಗಾಯ ಇದ್ರೆ ಅರ್ಜಿ ನಿಜವಾದದ್ದು. ನಿಮ್ಮಿಬ್ಬರಿಗೂ ಊರಲ್ಲಿ ಏನೂ ಆಗಿಲ್ಲ. ಅರ್ಜಿ ಬರೆಯೋ ನರನೇ ಕೆಟ್ಟಿದೆ. ಒಬ್ಬರದು ಶುಗರಿಂದ, ಒಬ್ಬರದು ವೈರಸ್ಸಿಂದ.

ಜವರೇಗೌಡ: ಗೊತ್ತಾಯ್ತು ಬಿಡು! ಊರಲ್ಲಿ ಬೆಂಕಿ ಇಲ್ಲ. ಈ ನರ ಅನ್ನೋನು ಮಾತ್ರ ದಿನಾ ರಾತ್ರಿ ‘ಬೆಂಕಿ ಬಿದ್ದದೆ, ಬೆಂಕಿ ಬಿದ್ದದೆ’ ಅಂತ ಅರ್ಜಿ ಗುಜರಾಯಿಸ್ತಾ ಕುಂತವ್ನೆ.

ಸಿಂಚನ: ಡೈಕ್ಲೋಫೆನಾಕ್ ಬೆಂಕಿ ಆರಿಸೋಕೆ ಊರಿಗೇ ಹೋಗುತ್ತೆ.

ಪುಟ್ಟಸ್ವಾಮಿ: ಅಲ್ಲಿ ಬೆಂಕಿನೇ ಇಲ್ಲವಲ್ಲ.

ಸಿಂಚನ: ಅದಕ್ಕೇ ಉಪಯೋಗ ಆಗಲ್ಲ. ಬರಿಗೈಲಿ ವಾಪಸ್ ಬಂದಿದ್ರೆ ಚೆನ್ನಾಗಿತ್ತು. ತಾತ ಅದನ್ನೇ ನುಂಗಿ ನುಂಗಿ ಕಿಡ್ನಿಗೆ ಪೆಟ್ಟು ಮಾಡ್ಕೊಂಡಿದ್ದಾರೆ. ಕ್ರಿಯಾಟಿನಿನ್ 1.8 ಬಂದಿದೆ.

ಪುಟ್ಟಸ್ವಾಮಿ: ಹಂಗಾದ್ರೆ ನನ್ನ ಮಾತ್ರೆ ಏನ್ ಮಾಡ್ತದೆ?

ಸಿಂಚನ: ಬೆನ್ನುಹುರಿಯಲ್ಲಿ ಒಂದು ನರ ಇನ್ನೊಂದಕ್ಕೆ ಸುದ್ದಿ ದಾಟಿಸೋ ಜಾಗ ಇದೆ. ಅಲ್ಲಿ ಕ್ಯಾಲ್ಸಿಯಂ ಬಾಗಿಲುಗಳನ್ನ ಬಿಗಿ ಮಾಡಿ, ಮುಂದಕ್ಕೆ ಹೋಗೋ ಸುದ್ದಿ ಕಮ್ಮಿ ಮಾಡುತ್ತೆ.

ಜವರೇಗೌಡ: ಅಂದ್ರೆ ಹಾಸನದ ಟಪಾಲು ಸೆಕ್ಷನ್ನಲ್ಲಿ ಕೂತವ್ನೆ. ನೂರು ಅರ್ಜಿ ಬಂದ್ರೆ ಐವತ್ತು ಬೀರುವಿಗೆ. ನಂದು?

ಸಿಂಚನ: ನಿಮ್ಮದು ಮೇಲಿಂದ ಕೆಲಸ ಮಾಡುತ್ತೆ. ‘ಅಲ್ಲಿಂದ ಬರೋ ನೋವು ತಗ್ಗಿಸು’ ಅಂತ ಮೆದುಳಿಂದ ಬೆನ್ನುಹುರಿಗೆ ಇಳಿಯೋ ದಾರಿ ಇದೆ. ಅದಕ್ಕೆ ಬಲ ಕೊಡುತ್ತೆ.

ಜವರೇಗೌಡ: (ಎದೆಯುಬ್ಬಿಸಿ, ನೋವಾಗಿ ಮತ್ತೆ ಕುಗ್ಗಿ) ನಂದು ದಿಲ್ಲಿಯಿಂದಲೇ ಆದೇಶ ಕಣ್ಲಾ. ನಿಂದು ಬರೀ ಜಿಲ್ಲಾ ಮಟ್ಟ.

ಪುಟ್ಟಸ್ವಾಮಿ: ಆದೇಶ ಬಂದು ಹತ್ತು ದಿನ ಆಗಿದ್ರೂ ಅಂಗಿ ತೊಡಕ್ಕಾಗಿಲ್ಲವಲ್ಲ.

ಸಿಂಚನ: ಇವು ಒಂದೇ ದಿನಕ್ಕೆ ಕೆಲಸ ಮಾಡೋವಲ್ಲ. ಸಣ್ಣದರಿಂದ ಶುರು ಮಾಡಿ ಮೆಲ್ಲಗೆ ಏರಿಸ್ತಾರೆ. ಸರಿಯಾದ ಪ್ರಮಾಣಕ್ಕೆ ಬಂದು ಕೆಲವು ವಾರ ನೋಡಿದ ಮೇಲೇ ಆಗುತ್ತೋ ಇಲ್ಲವೋ ಹೇಳಕ್ಕಾಗೋದು.

ಜವರೇಗೌಡ: ಸರ್ಕಾರಿ ಆದೇಶ ಕೆಳಗಿಳಿಯಕ್ಕೆ ಟೈಮ್ ಬೇಡ್ವೇನೋ.

ಪುಟ್ಟಸ್ವಾಮಿ: ನಂಗೆ ಒಂದು ಯೋಚನೆ ಬಾವ. ನನ್ನ ಮಾತ್ರೆ ಹಾಳೆ ನಿಮಗೆ, ನಿಮ್ಮ ಹಾಳೆ ನಂಗೆ. ಒಂದು ವಾರ ಸಾಟಿ ಮಾಡ್ಕಂಡು ನೋಡುಮಾ.

ಜವರೇಗೌಡ: ಮೇಲೆಷ್ಟು ಕೊಡ್ತೀಯ?

ಸಿಂಚನ: (ಎರಡೂ ಹಾಳೆ ಕಿತ್ತುಕೊಂಡು) ದನದ ಜಾತ್ರೆನಾ ಇದು? ಪ್ರೀಗಾಬಲಿನ್ ಮೈಯಿಂದ ಹೊರಗೆ ಹೋಗೋದೇ ಕಿಡ್ನಿಯಿಂದ. ತಾತನ ಕಿಡ್ನಿಗೆ ಚಿಕ್ಕತಾತನ ಪ್ರಮಾಣ ಹೆಚ್ಚಾಗಿ, ದಿನವೆಲ್ಲ ಮಂಕು ಹಿಡಿದು ಬಿದ್ದಿರ್ತಾರೆ. ಚಿಕ್ಕತಾತ, ನಿಮಗೆ ಪ್ರಾಸ್ಟೇಟ್ ತೊಂದರೆ ಇದೆ ಅಲ್ವಾ?

ಪುಟ್ಟಸ್ವಾಮಿ: (ನಾಚಿ) ಅಕ್ಕನ ಎದುರಿಗೆ ಹಂಗೆಲ್ಲ ಕೇಳಬ್ಯಾಡ.

ಸಾಕಮ್ಮ: ನಂಗೊತ್ತಿಲ್ವೇನೋ? ಮೂತ್ರಕ್ಕೆ ಅಂತ ಹಿತ್ತಲಿಗೆ ಹೋದ್ರೆ ವಾಪಸ್ ಬರೋ ಹೊತ್ತಿಗೆ ಅನ್ನ ಬೆಂದಿರ್ತದೆ.

ಸಿಂಚನ: ತಾತನ ಮಾತ್ರೆ ತಗೊಂಡ್ರೆ ಬರೋ ಅಷ್ಟೂ ಕಟ್ಕೊಳಬಹುದು. ಆಮೇಲೆ ಟ್ಯೂಬ್ ಹಾಕಿಸ್ಕೋಬೇಕು. ತಾತಂಗೂ ಸುಮ್ನೆ ಕೊಟ್ಟಿಲ್ಲ, ಹೃದಯ ಸರಿಯಾಗಿದೆಯಾ ಅಂತ ಇ.ಸಿ.ಜಿ. ಮಾಡಿಸಿ ಆಮೇಲೆ ಬರೆದಿದ್ದಾರೆ.

ಜವರೇಗೌಡ: ಒಂದು ತೊಂದರೆ ಅದೆ ಮಗ. ಬಾಯಿ ಒಣಗ್ತದೆ. ಡೈರಿ ಹತ್ರ ಐದು ನಿಮಿಷ ರಾಜಕೀಯ ಮಾತಾಡಕ್ಕಾಗಕಿಲ್ಲ, ನಾಲಿಗೆ ಅಂಟ್ಕಳ್ತದೆ.

ಸಾಕಮ್ಮ: ಆ ಮಾತ್ರೆನ ದಿನಕ್ಕೆ ಎರಡು ಮಾಡಕ್ಕಾಗ್ತದಾ ಕೇಳಮ್ಮ.

ಪುಟ್ಟಸ್ವಾಮಿ: ನಂಗೆ ಎದ್ದು ನಿಂತ್ರೆ ತೋಟ ತಿರುಗ್ತದೆ. ಕಾಲೂ ಊದ್ಕಂಡದೆ, ತೂಕನೂ ನಾಲ್ಕು ಕೆ.ಜಿ. ಏರದೆ.

ಸಿಂಚನ: ಈ ಮಾತ್ರೆಗೆ ಮೂರೂ ಆಗಬಹುದು.

ಸಾಕಮ್ಮ: ತೂಕ ಮಾತ್ರೆದಲ್ಲ, ಒಬ್ಬಟ್ಟಿಂದು.

ಪುಟ್ಟಸ್ವಾಮಿ: ಸಂಜೆ ಒಂದು ನೈಂಟಿ ಹಾಕಿದ್ರೆ ತಲೆ ತಿರುಗದು ಸರಿಹೋಯ್ತದೆ ಅಂತ...

ಸಿಂಚನ: ಈ ಮಾತ್ರೆ ಜೊತೆ ನೈಂಟಿ ಹಾಕಿದ್ರೆ ಉಸಿರೇ ನಿಧಾನ ಆಗಬಹುದು. ಬಚ್ಚಲಿಗೆ ಹೋಗಿ ಬಿದ್ರೆ ಸೊಂಟನೂ ಹೋಗುತ್ತೆ. ಎರಡರಲ್ಲಿ ಒಂದು ಬಿಡಬೇಕು.

ಪುಟ್ಟಸ್ವಾಮಿ: ಸರಿ, ನಾಳೆಯಿಂದ ಮಾತ್ರೆ ಬಿಡ್ತೀನಿ.

ಸಿಂಚನ: ಅದನ್ನೂ ದಿಢೀರಂತ ಬಿಡಂಗಿಲ್ಲ! ಡಾಕ್ಟರ ಹತ್ರ ಕೇಳಿ ಮೆಲ್ಲಗೆ ಇಳಿಸಬೇಕು. ಇಲ್ಲದಿದ್ರೆ ನಿದ್ದೆ ಹಾರುತ್ತೆ, ಬೆವರು ಬರುತ್ತೆ, ನೋವು ಇನ್ನೂ ಜಾಸ್ತಿಯಾಗಿ ಬರುತ್ತೆ.

ಜವರೇಗೌಡ: ಏಕಾಏಕಿ ಬೆಂಬಲ ವಾಪಸ್ ತಗಂಡ್ರೆ ಏನಾಯ್ತದೆ ಅಂತ 1997ರಲ್ಲಿ ದೇವೇಗೌಡ್ರ ಸರ್ಕಾರ ಬಿದ್ದಾಗ ನಾವು ನೋಡಿಲ್ವಾ? ಆ ಗಾಯ ಇನ್ನೂ ಆರಿಲ್ಲ.

ಪುಟ್ಟಸ್ವಾಮಿ: ಆಗ್ಲಿ, ಕಟ್ಟುನಿಟ್ಟಾಗಿ ತಗತೀನಿ. ಉರಿ ಪೂರ್ತಿ ಹೋಯ್ತದಾ?

ಸಿಂಚನ: ಸುಳ್ಳು ಹೇಳಲ್ಲ. ಪೂರ್ತಿ ಹೋಗೋದು ಕಮ್ಮಿ. ಹತ್ತರಲ್ಲಿ ಎಂಟಿದ್ದ ನೋವು ನಾಲ್ಕಕ್ಕೆ ಇಳಿದು ರಾತ್ರಿ ನಿದ್ದೆ ಬಂದ್ರೆ ಡಾಕ್ಟರು ಗೆದ್ದಂಗೆ. ಅಷ್ಟೂ ಎಲ್ಲರಿಗೂ ಆಗಲ್ಲ. ಒಂದು ಮಾತ್ರೆ ಹಿಡಿಸದಿದ್ರೆ ಇನ್ನೊಂದು ನೋಡ್ತಾರೆ, ಡುಲಾಕ್ಸೆಟಿನ್ ಇದೆ. ಮೆಣಸಿನಕಾಯಿ ಖಾರದ ಸತ್ವದಿಂದ ಮಾಡಿದ ಮುಲಾಮೂ ಇದೆ.

ಸಾಕಮ್ಮ: ಓಹೋ! ಹೋದ್ವಾರ ಇವರು ಖಾರದ ಪುಡಿ ಡಬ್ಬ ಹುಡುಕ್ತಿದ್ದದ್ದು ಇದಕ್ಕಾ?

ಜವರೇಗೌಡ: (ಮಾತು ಮರೆಸಿ) ಅರ್ಧಕ್ಕರ್ಧ ಇಳುದ್ರೆ ಸಾಕು ಬಿಡು. ಜನತಾದಳ 46 ಸೀಟಿಟ್ಕಂಡು ದಿಲ್ಲಿ ಗದ್ದುಗೆ ಏರ್ಲಿಲ್ವಾ? ಬಹುಮತ ಇದ್ರೇನೇ ಸರ್ಕಾರ ಅಂತ ಯಾರು ಹೇಳಿದ್ದು?

ಸಿಂಚನ: ಚಿಕ್ಕತಾತ, ನಿಮ್ಮ ಮಾತ್ರೆ ನೋವು ಇಳಿಸುತ್ತೆ, ಕೆಟ್ಟ ನರ ರಿಪೇರಿ ಮಾಡಲ್ಲ. ಅದು ಇನ್ನಷ್ಟು ಕೆಡದಂಗೆ ಶುಗರ್ ಹಿಡಿತದಲ್ಲಿ ಇರಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗ್ತಿದ್ದೀರ, ಅದರಿಂದ ಬಿ-12 ಕಮ್ಮಿಯಾದ್ರೂ ಕಾಲು ಜೋಮು ಹಿಡಿಯುತ್ತೆ. ಒಂದ್ಸಲ ಅದರ ರಕ್ತಪರೀಕ್ಷೆ ಮಾಡಿಸಿ. ದಿನಾ ರಾತ್ರಿ ಕನ್ನಡಿ ಇಟ್ಟು ಅಂಗಾಲು ನೋಡ್ಕೊಳಿ. ಈಗ ಕಾಲು ತೋರಿಸಿ.

(ಪುಟ್ಟಸ್ವಾಮಿ ಕಾಲು ಚಾಚುತ್ತಾನೆ. ಹೆಬ್ಬೆರಳ ಬುಡದಲ್ಲಿ ಒಂದು ಜಲ್ಲಿಚೂರು ಕಚ್ಚಿಕೊಂಡು ಕೂತಿದೆ, ಸುತ್ತ ರಕ್ತ ಒಣಗಿದೆ. ಅವನಿಗೆ ಅದು ಸುದ್ದಿಯೇ ಅಲ್ಲ. ಸಿಂಚನ ಚೂರು ತೆಗೆದು, ತೊಳೆದು ಪಟ್ಟಿ ಹಾಕುತ್ತಾಳೆ.)

ಜವರೇಗೌಡ: ನೋಡ್ದೇನ್ಲಾ, ನಿಜವಾದ ಅರ್ಜಿ ಮಾತ್ರ ಕಳಿಸಕಿಲ್ಲ ನಿನ್ನ ನರ. ಪಕ್ಕಾ ಗುಮಾಸ್ತ.

ಸಾಕಮ್ಮ: (ಕೈ ಒದರುತ್ತ ಹೊರಗೆ ಬಂದು) ನಿಮ್ಮಿಬ್ಬರದೂ ಮುಗೀತಾ? ನಂದೂ ಒಂದು ನೋಡಮ್ಮ. ರಾತ್ರಿ ಮೂರು ಗಂಟೆಗೆ ಹೆಬ್ಬೆರಳು, ತೋರ್ಬೆರಳು, ನಡುಬೆರಳು ಜೋಮು ಹಿಡ್ದು ನೋವಾಗಿ ಎಚ್ಚರ ಆಯ್ತದೆ. ಎದ್ದು ಹಿಂಗೆ ಕೈ ಒದರುದ್ರೆ ಸರಿಹೋಯ್ತದೆ. ವರ್ಷ ಆಯ್ತು.

ಜವರೇಗೌಡ: ವರ್ಷ ಆಯ್ತಾ? ಹೇಳೇ ಇಲ್ಲವಲ್ಲ!

ಸಾಕಮ್ಮ: ನಿಮ್ಮ ಸರ್ಪ ಮಾತಾಡಕ್ಕೆ ಬಿಟ್ರೆ ತಾನೆ.

ಸಿಂಚನ: (ಮಣಿಕಟ್ಟಿನ ಮೇಲೆ ಬೆರಳಲ್ಲಿ ಕುಟ್ಟುತ್ತ) ಇಲ್ಲಿ ಕುಟ್ಟಿದ್ರೆ ಬೆರಳಿಗೆ ಜುಂ ಅನ್ನುತ್ತಾ?

ಸಾಕಮ್ಮ: ಹೂಂ ಕಣವ್ವ, ಕರೆಂಟ್ ಹೊಡ್ದಂಗೆ!

ಸಿಂಚನ: ಮಣಿಕಟ್ಟಿನ ಒಳಗೆ ಒಂದು ನರ ಒತ್ತಿಕೊಳ್ತಿರೋ ಹಂಗಿದೆ. ನಾಡಿದ್ದು ಹಾಸನಕ್ಕೆ ಬನ್ನಿ, ಡಾಕ್ಟರಿಗೆ ತೋರಿಸೋಣ. ಇದಕ್ಕೆ ಅವರಿಬ್ಬರ ಮಾತ್ರೆ ಅಲ್ಲ. ಮೊದಲು ರಾತ್ರಿ ಹೊತ್ತು ಮಣಿಕಟ್ಟು ಮಡಚದಂಗೆ ಪಟ್ಟಿ ಕಟ್ಟಿಸ್ತಾರೆ. ಆಮೇಲೆ, ಕೈ ತಿರುಚಿ ಬಲ ಹಾಕೋ ಕೆಲಸ ಕೆಲವು ವಾರ ನಿಲ್ಲಿಸಬೇಕು. ಮುಖ್ಯವಾಗಿ ಹಿಟ್ಟು ತೊಳಸೋದು.

(ಜಗಲಿ ಮೇಲೆ ಮಾತು ನಿಲ್ಲುತ್ತದೆ. ಒಳಗೆ ಎಸರು ಕುದಿಯುವ ಸದ್ದು. ಮೂರು ಹೊತ್ತೂ ಮುದ್ದೆ ಇಲ್ಲದೆ ಉಂಡು ಗೊತ್ತಿಲ್ಲದ ಎರಡು ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.)

ಪುಟ್ಟಸ್ವಾಮಿ: ಅಕ್ಕ, ನಂಗೆ ನಿಂತ್ಕಂಡ್ರೆ ತಲೆ ತಿರುಗ್ತದಲ್ಲ...

ಸಾಕಮ್ಮ: ಕೂತ್ಕಂಡೇ ತೊಳಸು.

ಜವರೇಗೌಡ: ನಂಗೆ ಒಲೆ ಶಾಖ ಎದೆಗೆ ತಗುಲುದ್ರೆ...

ಸಾಕಮ್ಮ: ದಿಲ್ಲಿಯಿಂದ ಆದೇಶ ಬಂದದಲ್ಲ ನಿಮಗೆ. ಏಳಿ, ಎಸರು ಉಕ್ತಾ ಅದೆ. (ಮುದ್ದೆ ಕೋಲು ಗೌಡರ ಕೈಗಿಟ್ಟು) ಗಂಟಾದ್ರೆ ನೀವೇ ತಿನ್ನಬೇಕು.