ಯಾರೂ ಸಿಳ್ಳೆ ಹೊಡೆಯದ ಕಸರತ್ತು

ಹುಣಸಗಿ ಕಡೆಯ ಗಂಡಸರಿಗೆ ಕಸುವು ಕಡಿಮೆ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುವವನು. ಜಾತ್ರೆ ಬರಲಿ, ಸಂಗ್ರಾಣಿ ಕಲ್ಲು ಎತ್ತಲಿಕ್ಕೆ ನಾ ಮುಂದು ತಾ ಮುಂದು ಅಂತ ಬರುತ್ತಾರೆ. ಗುಂಡು ನೆಲ ಬಿಟ್ಟು ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರುವಷ್ಟರಲ್ಲಿ ಹಲಗೆ ಬಡಿತವೇನು, ಸಿಳ್ಳೆಯೇನು, ಗುಲಾಲೇನು! ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಂತೂ ಮೇಲಿಂದ ನೀರು ಸುರಿಯುತ್ತಿದ್ದರೂ ಜಾರುವ ಕಂಬ ಹತ್ತುತ್ತಾರೆ. ಇಂಥ ಶೂರರಿಗೆ, "ದಿನಾ ಮುಂಜಾನೆ ಮನ್ಯಾಗ ಹತ್ತು ಸೆಕೆಂಡ್ ಅಲುಗಾಡದಂಗ ಇರ್ರಿ, ನಡ ಗಟ್ಟಿ ಆಗ್ತದ" ಅಂತ ಹೇಳಿ ನೋಡಿ. "ಅದಕ್ಕೇನು ಬೆಳ್ಳಿ ಕಡಗ ಕೊಡ್ತಾರೇನ್ರಿ?" ಅಂತಾರೆ.

ಕೊಡೋದಿಲ್ಲ. ಪ್ಲ್ಯಾಂಕ್ ಎಂಬ ಈ ಕಸರತ್ತಿನ ದೊಡ್ಡ ದೋಷವೇ ಅದು. ಯೋಗದವರು ಇದನ್ನು ಫಲಕಾಸನ ಅನ್ನುತ್ತಾರೆ. ಗರಡಿಯಲ್ಲಿ ದಂಡ ಹೊಡೆದವರಿಗೆ ಇದು ಹೊಸದೂ ಅಲ್ಲ. ದಂಡ ಹೊಡೆಯಲು ಬಗ್ಗಿದವನಿಗೆ ಉಸ್ತಾದ ನಡುವೆಯೇ "ಹಂಗೇ ಇರು" ಅಂದುಬಿಟ್ಟರೆ ಅದೇ ಪ್ಲ್ಯಾಂಕ್. ಬೋರಲಾಗಿ ಮಲಗಬೇಕು. ಭುಜದ ನೇರಕ್ಕೆ ಕೆಳಗೆ ಮೊಣಕೈ ಊರಬೇಕು. ಮುಂಗೈ ನೆಲಕ್ಕೆ, ಕಾಲಿನ ಬೆರಳು ನೆಲಕ್ಕೆ, ಉಳಿದದ್ದೆಲ್ಲ ಮೇಲೆ. ತಲೆಯಿಂದ ಹಿಮ್ಮಡಿವರೆಗೆ ಒಂದೇ ಗೆರೆ. ಕುಂಡಿ ಗುಡ್ಡದಂತೆ ಏಳಬಾರದು, ನಡ ತಗ್ಗಿಗೆ ಬೀಳಬಾರದು. ಉಸಿರು ಸರಾಗ ಆಡುತ್ತಿರಬೇಕು. ಹತ್ತು ಸೆಕೆಂಡ್ ಇದ್ದು ಇಳಿಯಿರಿ, ಸುಧಾರಿಸಿಕೊಳ್ಳಿ, ಮತ್ತೆ ಏರಿ. ಹೀಗೆ ನಾಲ್ಕೈದು ಸಲ. ಜಿಮ್ಮಿನ ಫೀ ಇಲ್ಲ, ಯಂತ್ರ ಇಲ್ಲ, ಬೂಟು ಇಲ್ಲ. ಒಂದು ಚಾಪೆ ಇದ್ದರೆ ಮೊಣಕೈಗೆ ಪುಣ್ಯ.

ಹೇಳಲಿಕ್ಕೆ ಸಸಾರ. ಆದರೆ ಗಡಿಯಾರದ ಸೆಕೆಂಡ್ ಮುಳ್ಳಿಗೆ ಎಷ್ಟು ಸೊಕ್ಕು ಅನ್ನೋದು ಆ ಭಂಗಿಯಲ್ಲಿ ಇದ್ದಾಗಲೇ ತಿಳಿಯುವುದು. ಮೂರನೇ ಸೆಕೆಂಡಿಗೆ ಹೊಟ್ಟೆ ನಡುಗುತ್ತದೆ, ಆರಕ್ಕೆ ಮನೆದೇವರು ನೆನಪಾಗುತ್ತಾರೆ, ಎಂಟಕ್ಕೆ ಅಡುಗೆ ಮನೆಯಿಂದ ದನಿ ಬರುತ್ತದೆ: "ಏನ್ ಕಳಕೊಂಡೀರಿ, ನೆಲದಾಗ ಹುಡುಕ್ಲಾಕತ್ತೀರಿ?" ಒಂಬತ್ತಕ್ಕೆ ಮೊಮ್ಮಗ ಬೆನ್ನ ಮೇಲೆ ಏರಿ ಹೋ ಹೋ ಅಂತ ಎತ್ತು ಹೊಡೆಯುತ್ತಾನೆ. ಹತ್ತು ಎಣಿಸಿದವನೇ ಗೆದ್ದ.

ಹಮಾಲರು ಜೋಳದ ಚೀಲಕ್ಕೆ ಕೈ ಹಾಕುವ ಮೊದಲು ನಡಕ್ಕೆ ರುಮಾಲು ಬಿಗಿಯುವುದನ್ನು ನೋಡಿದ್ದೀರಲ್ಲ, ಅಂಥದೇ ಒಂದು ಪಟ್ಟಿ ನಮ್ಮ ಹೊಟ್ಟೆಯೊಳಗೇ ಇದೆ. ಹೊಟ್ಟೆಯ ಸ್ನಾಯುಗಳಲ್ಲಿ ಎಲ್ಲಕ್ಕಿಂತ ಒಳಗಿನ ಪದರ ಅಡ್ಡಡ್ಡ ಸುತ್ತಿ ಹಿಂದೆ ಬೆನ್ನಿನ ಕಡೆ ಹೋಗಿ ಸೇರುತ್ತದೆ. ಮೇಲೆ ಉಸಿರಾಟದ ವಪೆ, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯು, ಹಿಂದೆ ಬೆನ್ನೆಲುಬಿನ ಮಣಿಗಳಿಗೆ ಅಂಟಿಕೊಂಡ ಸಣ್ಣ ಸಣ್ಣ ಸ್ನಾಯುಗಳು. ಇವೆಲ್ಲ ಒಟ್ಟಿಗೆ ಬಿಗಿದಾಗಲೇ ಬೆನ್ನೆಲುಬು ನೆಟ್ಟಗೆ ನಿಲ್ಲುವುದು. ಆದ್ದರಿಂದ "ನಂದು ಹೊಟ್ಟಿ ಭಾಳ ಗಟ್ಟಿ ಐತಿ" ಅಂತ ತಟ್ಟಿ ತೋರಿಸುವವರು ಸ್ವಲ್ಪ ತಡೆಯಿರಿ. ನೀವು ತಟ್ಟುತ್ತಿರುವುದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಸೇರಿ ಕಟ್ಟಿದ ಮೇಲ್ಮಾಳಿಗೆ. ಸ್ನಾಯು ಅದರ ಕೆಳಗೆಲ್ಲೋ ಮಲಗಿದೆ. ಪ್ಲ್ಯಾಂಕ್ ಮಾಡಿದರೆ ಆ ಮಾಳಿಗೆ ಇಳಿಯುತ್ತದೆ ಅಂತಲೂ ತಿಳಿಯಬೇಡಿ. ಇಳಿಯಬೇಕಾದರೆ ತಿನ್ನುವುದು ಕಡಿಮೆಯಾಗಬೇಕು, ನಡೆಯುವುದು ಹೆಚ್ಚಾಗಬೇಕು. ಪ್ಲ್ಯಾಂಕು ಕಂಬ ಗಟ್ಟಿ ಮಾಡುತ್ತದೆ, ಅಷ್ಟೇ.

"ನಾವು ದುಡಿಯೋ ಮಂದಿ, ನಮಗ್ಯಾಕ ಇದು?" ಎಂಬ ಮಾತೂ ಬರುತ್ತದೆ. ಮಾತು ಒಪ್ಪತಕ್ಕದ್ದೇ, ಆದರೆ ಯಾರ ಬಾಯಿಂದ ಬರುತ್ತದೆ ಅನ್ನುವುದನ್ನೂ ನೋಡಬೇಕು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಹುಣಸಗಿ ಸುತ್ತ ಭತ್ತದ ಗದ್ದೆಗಳಲ್ಲಿ ನಾಟಿ ಶುರು. ಕೆಸರಿನಲ್ಲಿ ಹೆಣ್ಣುಮಕ್ಕಳು ಮುಂಜಾನೆ ಬಗ್ಗಿದವರು ಸಂಜೆಗೇ ನೆಟ್ಟಗಾಗುವುದು. ಅವರು ಈ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಆಡುವವರು ಬದುವಿನ ಮೇಲೆ ಬೈಕಿನ ಮೇಲೆ ಕೂತು "ಅಲ್ಲಿ ಸಾಲು ವಾರೆ ಆತು" ಅಂತ ಕೈ ತೋರಿಸುವ ಯಜಮಾನರು, ಮತ್ತು ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಒಂದು ಚಹಾಕ್ಕೆ ಎರಡು ತಾಸು ಕುರ್ಚಿ ಸವೆಸುವ ನಾವು.

ಇನ್ನು ಆ ಹೆಣ್ಣುಮಕ್ಕಳ ಮಾತು. ಬಗ್ಗಿ ದುಡಿಯುವುದೂ ನಡ ಗಟ್ಟಿಮಾಡುವುದೂ ಒಂದೇ ಅಲ್ಲ. ದಿನವಿಡೀ ಬಗ್ಗಿದ್ದರೆ ಸ್ನಾಯು ದಣಿದು ಕೈಬಿಡುತ್ತದೆ, ಭಾರವೆಲ್ಲ ಬೆನ್ನೆಲುಬಿನ ನಡುವಿನ ಮೆತ್ತೆಗೂ ಅದನ್ನು ಹಿಡಿದ ಕಟ್ಟುಗಳಿಗೂ ಬೀಳುತ್ತದೆ. ರಾತ್ರಿ ಅವ್ವ ಗೋಡೆಗೆ ಒರಗಿ "ಯಪ್ಪಾ, ನಡಾ!" ಅನ್ನುವುದು ಅದಕ್ಕೇ. ಅವರಿಗೆ ಮೊದಲು ಬೇಕಾದದ್ದು ನಡುನಡುವೆ ನೆಟ್ಟಗೆ ನಿಲ್ಲುವ ಬಿಡುವು. ಅದನ್ನು ಕೊಡಬೇಕಾದವರು ಬದುವಿನ ಮೇಲೆಯೇ ಇದ್ದಾರೆ.

ದುಡಿಮೆಯ ಮಾತು ಬಂತಲ್ಲ, ನಮ್ಮೂರ ಮಗ್ಗುಲಿನ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಗೆಸಿ ನೋಡಿದಾಗ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷಿಸಿ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಅಂದರು. ಆ ಹಿರಿಯರು ಕಲ್ಲು ಹೊತ್ತರು, ಕುಕ್ಕರುಗಾಲಲ್ಲಿ ಕೂತು ಚಕ್ಕೆ ಎಬ್ಬಿಸಿದರು, ಊಟ ಬೇಕಾದರೆ ಅದರ ಹಿಂದೆ ಓಡಿದರು. ಅವರಿಗೆ ಪ್ಲ್ಯಾಂಕ್ ಬೇಕಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯೂ ಇರಲಿಲ್ಲ. ನಮಗೆ ಕುರ್ಚಿ ಬಂದಿದೆ, ಆದ್ದರಿಂದ ಪ್ಲ್ಯಾಂಕೂ ಬರಬೇಕು.

ಆದರೆ ನಮ್ಮವರಿಗೆ ಒಂದು ಚಾಳಿ. ಒಪ್ಪುವವರೆಗೆ ಒಪ್ಪಲ್ಲ, ಒಪ್ಪಿದ ಮೇಲೆ ಪಂಥ ಕಟ್ಟುತ್ತಾರೆ. "ಅಂವ ಎರಡು ನಿಮಿಷ ಅಂದ್ರ ನಾ ಐದು!" ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: 2023ರಲ್ಲಿ ಜೆಕ್ ದೇಶದ ಯೋಸೆಫ್ ಶಾಲೆಕ್ 9 ಗಂಟೆ 38 ನಿಮಿಷ ಹೀಗೇ ಇದ್ದು ಗಿನ್ನೆಸ್ ದಾಖಲೆ ಮಾಡಿದ್ದಾನೆ. ಹುಣಸಗಿಯಲ್ಲಿ ರಾತ್ರಿ ಬಸ್ ಹತ್ತಿದವರು ಬೆಂಗಳೂರಿನ ಹತ್ತಿರ ಬರುವಷ್ಟು ಹೊತ್ತು! ಆ ಪಂಥ ನಮಗೆ ಬೇಡ. ಬೆನ್ನಿನ ವಿಷಯದಲ್ಲೇ ಜೀವಮಾನ ಕಳೆದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಎಂಬ ನಿವೃತ್ತ ಪ್ರಾಧ್ಯಾಪಕರು, ಒಮ್ಮೆಗೆ ಹತ್ತು ಸೆಕೆಂಡ್ ಸಾಕು, ಅದನ್ನೇ ಹಲವು ಸಲ ಮಾಡಿ ಅನ್ನುತ್ತಾರೆ. ನಡ ತಗ್ಗಿದ ಮೇಲೂ ಹಲ್ಲು ಕಚ್ಚಿ ಇದ್ದರೆ ಭಾರ ಬೀಳುವುದು ಬೆನ್ನಿನ ಮೇಲೆ.

ಆ ಹತ್ತು ಸೆಕೆಂಡೂ ಆಗದವರು ಮೊಣಕಾಲು ಊರಿ ಮಾಡಲಿ. ಅದಕ್ಕೂ ಆಗದವರು ಕಟ್ಟೆಗೋ ಗೋಡೆಗೋ ಕೈ ಕೊಟ್ಟು ವಾರೆ ನಿಲ್ಲಲಿ. ಬೋರಲಾಗುವುದೇ ಒಗ್ಗದವರಿಗೆ ಶಹಾಪುರದ ದಾರಿ ಇದೆ. ಅಲ್ಲಿಯ ಬೆಟ್ಟ ಮಲಗಿದ ಬುದ್ಧನಂತೆ ಕಾಣುತ್ತದೆಂದು ಜನ ನಿಂತು ನೋಡುತ್ತಾರೆ. ಹಾಗೇ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ಊರಿ, ಕುಂಡಿಯನ್ನು ಮೇಲೆತ್ತಿ ಹತ್ತು ಎಣಿಸಿ. ಸೇತುಬಂಧಾಸನ ಅಂದರೆ ಇದೇ. ಎಣಿಸುವಾಗ ನಿದ್ದೆ ಹೋಗಬಾರದು. ಬೆಟ್ಟಕ್ಕೆ ಆ ರಿಯಾಯಿತಿ ಇದೆ, ನಮಗಿಲ್ಲ.

ಬಿಪಿ ಏರಿದವರು, ಹರ್ನಿಯಾ ಇದ್ದವರು, ಸೊಂಟದಿಂದ ಕಾಲಿಗೆ ನೋವು ಎಳೆಯುವವರು, ಬಸುರಿ ಬಾಣಂತಿಯರು ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯಬಾರದು. ಉಸಿರು ಬಿಗಿಹಿಡಿದರೆ ಬಿಪಿ ಇನ್ನೂ ಏರುತ್ತದೆ. ಉಳಿದವರಿಗೆ ನೆವ ಇಲ್ಲ. ಸ್ಟವ್ ಮೇಲೆ ಚಹಾ ಇಟ್ಟು ಅದು ಕುದಿಯುವುದರೊಳಗೆ ಮುಗಿಯುವ ಕೆಲಸಕ್ಕೆ ಪಂಚಾಂಗ ನೋಡಬೇಕಿಲ್ಲ, ಸೋಮವಾರ ಬರಲಿ ಅಂತ ಕಾಯಬೇಕಿಲ್ಲ. ಇದನ್ನು ಓದಿ ಮುಗಿಸಿದಿರಲ್ಲ, ಹೊಟ್ಟೆ ಖಾಲಿ ಇದ್ದರೆ ಈಗಲೇ ಚಾಪೆ ಹಾಸಿ. ಊಟ ಆಗಿದ್ದರೆ ನಾಳೆ ಮುಂಜಾನೆ, ತಪ್ಪಿಸಬೇಡಿ.