ನಾಳೆ ಬಾ, ಎರಡು ಕೊಡ್ತೀನಿ

ತೊಂಬತ್ತರ ದಶಕದಲ್ಲಿ ನಮ್ಮ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಂದ ದೆವ್ವ ಅದನ್ನು ಓದಿ ವಾಪಸು ಹೋಗುತ್ತಿತ್ತಂತೆ. ಮರುದಿನ ಬಂದು ಮತ್ತೆ ಓದಿ, ಮತ್ತೆ ಹೋಗುತ್ತಿತ್ತಂತೆ. ಓದುಬರಹ ಬಲ್ಲ, ಹೇಳಿದ್ದನ್ನು ನಂಬುವ, ಒಂದು ದಿನವೂ ಧರಣಿ ಕೂರದ ಇಂಥ ಪ್ರಜೆ ಕರ್ನಾಟಕದಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಆತ್ಮಸಂಯಮದ ಮೇಲೆ ಭಾಷಣ ಬಿಗಿಯುವವರು ನಮ್ಮಿಂದ ಬಯಸುವುದು ಈ ದೆವ್ವದ ಗುಣವನ್ನೇ.

ಮನುಷ್ಯರ ಕಥೆ ಬೇರೆ. ಕೈಗೆ ಸಿಗುವುದು ತಡವಾದಷ್ಟೂ ಅದರ ಬೆಲೆ ನಮ್ಮ ಕಣ್ಣಲ್ಲಿ ಇಳಿಯುತ್ತದೆ. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1981ರಲ್ಲಿ ಒಂದಷ್ಟು ಜನರನ್ನು ಕೇಳಿದರು: ಈಗಲೇ ಸಿಗುವ 15 ಡಾಲರ್ ಬಿಟ್ಟು ಕಾಯಬೇಕೆಂದರೆ ಎಷ್ಟು ಕೊಡಬೇಕು? ತಿಂಗಳು ಕಾಯಲು 20, ವರ್ಷ ಕಾಯಲು 50, ಹತ್ತು ವರ್ಷಕ್ಕೆ 100 ಎಂಬುದು ನಡುಮಟ್ಟದ ಉತ್ತರ. ತಿಂಗಳಿಗೆ 15ಕ್ಕೆ 5! ನಮ್ಮ ಮೀಟರ್ ಬಡ್ಡಿಯವರೂ ಎದ್ದುನಿಂತು ಕೈಮುಗಿಯಬೇಕು. ಅದೇ ಜನ ಹತ್ತು ವರ್ಷಕ್ಕೆ ಸಾಧು ಬಡ್ಡಿಗೆ ಇಳಿದುಬಿಡುತ್ತಾರೆ. ಮುಂದಿನ ತಿಂಗಳು ಕಾಯುವುದೇ ಕಷ್ಟ, 2036ರಲ್ಲಿ ಕಾಯುವುದು ಸಲೀಸು. ಡಯಟ್ಟುಗಳೆಲ್ಲ ಮುಂದಿನ ಸೋಮವಾರದಿಂದಲೇ ಶುರುವಾಗುವುದು ಇದೇ ಲೆಕ್ಕದ ಮೇಲೆ.

ಮೈ ಬಗ್ಗಿಸಬೇಕು ಎಂದಾದರೆ ಬೆಲೆ ಇನ್ನೂ ಕುಸಿಯುತ್ತದೆ. ಅಮೆರಿಕದ ಮೂರು ಜಿಮ್‌ಗಳ ಲೆಕ್ಕಪುಸ್ತಕ ತೆಗೆದು ನೋಡಿದ ಅರ್ಥಶಾಸ್ತ್ರಜ್ಞರಾದ ಡೆಲ್ಲಾವಿಗ್ನಾ ಮತ್ತು ಮಾಲ್ಮೆಂಡಿಯರ್ 2006ರಲ್ಲಿ ಬರೆದದ್ದಿದು: ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಹೋದದ್ದು ನಾಲ್ಕು ಚಿಲ್ಲರೆ ಸಲ. ಒಂದು ಭೇಟಿಗೆ 17 ಡಾಲರ್ ಬಿತ್ತು. ಹತ್ತು ಭೇಟಿಯ ಪಾಸು ಕೊಂಡಿದ್ದರೆ ತಲಾ 10 ಡಾಲರಿಗೆ ಮುಗಿಯುತ್ತಿತ್ತು. ಆದರೆ ಪಾಸು ಕೊಳ್ಳುವುದೆಂದರೆ ತಾನು ಸೋಮಾರಿ ಎಂದು ಕೌಂಟರಿನಲ್ಲಿ ನಿಂತು ಒಪ್ಪಿಕೊಂಡಂತೆ. ಅದಕ್ಕಿಂತ 7 ಡಾಲರ್ ದಂಡವೇ ವಾಸಿ.

ಈ ಗುಟ್ಟು ಕಂಪನಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಚಂದಾದಾರರಾಗಲು ಬೆರಳಿನ ಒಂದು ಒತ್ತು ಸಾಕು. ಬಿಡಲು ಹೋಗಿ ನೋಡಿ. ‘ನಿಜವಾಗಿಯೂ ಹೋಗ್ತೀರಾ?’ ಎಂಬ ಅಳುಮೋರೆ. ಆಮೇಲೆ ‘ಕಾರಣ ತಿಳಿಸಿ’, ಎಂಟು ಆಯ್ಕೆ. ಆಮೇಲೆ ಪಾಸ್‌ವರ್ಡ್, ಒಟಿಪಿ. ಕೊನೆಗೆ ‘ನಮ್ಮ ಪ್ರತಿನಿಧಿಗೆ ಕರೆ ಮಾಡಿ’, ಬೆಳಿಗ್ಗೆ ಹತ್ತರಿಂದ ಸಂಜೆ ಆರು. ಅಷ್ಟು ಹೊತ್ತಿಗೆ 499 ರೂಪಾಯಿ ಉಳಿಸುವ ಆನಂದ ಸತ್ತೇ ಹೋಗಿರುತ್ತದೆ. ಇರಲಿ ಬಿಡು, ಮುಂದಿನ ತಿಂಗಳು ನೋಡೋಣ.

ಇಷ್ಟೆಲ್ಲ ಆದಮೇಲೂ ಸಂಯಮ ಇಲ್ಲದವರು ಯಾರು ಎಂದರೆ ನಮ್ಮ ಬೆರಳು ಮನೆಗೆಲಸದಾಕೆಯ ಕಡೆಗೇ ತಿರುಗುತ್ತದೆ. ಅವಳು ಕಂತಿನಲ್ಲಿ ಟೀವಿ ತಂದರೆ ‘ಈ ಜನಕ್ಕೆ ತಡಕೊಳ್ಳೋಕೇ ಬರಲ್ಲ’. ನಾವು ನೋ-ಕಾಸ್ಟ್ ಇಎಂಐನಲ್ಲಿ ಫೋನು ತಂದರೆ ಅದು ಹಣಕಾಸು ಯೋಜನೆ. ಈ ಉಪದೇಶ ಕೊಡುವಾಗಲೂ ನಮ್ಮ ಒಂದು ಕಣ್ಣು ಡೆಲಿವರಿ ಆ್ಯಪಿನ ಮ್ಯಾಪಿನ ಮೇಲೆ: ಕೊತ್ತಂಬರಿ ಸೊಪ್ಪಿನ ಹುಡುಗ ಹತ್ತು ನಿಮಿಷವಾದರೂ ಎರಡನೇ ಕ್ರಾಸಿನಲ್ಲೇ ಯಾಕೆ ನಿಂತಿದ್ದಾನೆ?

ಇಂಥ ಉಪದೇಶಕರ ಪಾಲಿನ ವೇದ ಸ್ಟ್ಯಾನ್‌ಫರ್ಡಿನ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ನಡೆಸಿದ ಮಾರ್ಷ್‌ಮೆಲ್ಲೊ ಪ್ರಯೋಗ. ಪುಟ್ಟ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ಹದಿನೈದು ನಿಮಿಷ ತಡೆದರೆ ಎರಡು ಎಂದರು. ತಡೆದ ಮಕ್ಕಳು ಮುಂದೆ ಪರೀಕ್ಷೆಯಲ್ಲೂ ಜಾಣರಾದರು ಎಂಬ ಸುದ್ದಿ ಹಬ್ಬಿ, ಪಾಲಕರ ಶಿಬಿರ ನಡೆಸುವವರ ಹೊಟ್ಟೆಪಾಡು ಇವತ್ತಿಗೂ ಅದರ ಮೇಲೇ ನಡೆದಿದೆ. 2018ರಲ್ಲಿ ಇನ್ನೂ ಹೆಚ್ಚು ಮಕ್ಕಳನ್ನಿಟ್ಟುಕೊಂಡು, ಮನೆಯ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ಹಿಡಿದು ನೋಡಿದಾಗ ಆ ಪವಾಡ ಬಹುಪಾಲು ಕರಗಿಹೋಯಿತು. ಶಿಬಿರದವರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಅವರು ಸಂಯಮದಿಂದ ಕಾಯುತ್ತಿರಬೇಕು.

ನನಗೆ ಹಿಡಿಸಿದ್ದು ಮನಶ್ಶಾಸ್ತ್ರಜ್ಞೆ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ರಾಚೆಸ್ಟರಿನಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗ. ಮಿಠಾಯಿಗೆ ಮೊದಲು ಮಕ್ಕಳಿಗೆ ಒಳ್ಳೊಳ್ಳೆ ಬಣ್ಣದ ಸಾಮಾನು ತಂದುಕೊಡುತ್ತೇವೆಂದು ಹೇಳಿದರು. ಕೆಲವರಿಗೆ ತಂದುಕೊಟ್ಟರು, ಕೆಲವರಿಗೆ ಕೈ ಎತ್ತಿದರು. ಆಮೇಲೆ ಮಿಠಾಯಿ ಇಟ್ಟರೆ, ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಕೈ ಎತ್ತಿದವರ ಮುಂದೆ ಮೂರೇ ನಿಮಿಷ. ಪರೀಕ್ಷೆಯಲ್ಲಿ ಫೇಲಾದದ್ದು ಮಕ್ಕಳಲ್ಲ, ದೊಡ್ಡವರು.

ನಮ್ಮ ಬೆಂಗಳೂರಿನಲ್ಲಿ ಈ ಪ್ರಯೋಗ ಊರಿಗೆ ಊರೇ ಸೇರಿ ನಡೆಯುತ್ತಿದೆ. 2017ರಲ್ಲಿ ಕೆಲಸ ಶುರುವಾದ ಈಜಿಪುರದ ಮೇಲ್ಸೇತುವೆ 2019ರ ಗಡುವು ದಾಟಿ ವರ್ಷಗಟ್ಟಲೆ ಬರೀ ಕಂಬಗಳಾಗಿ ನಿಂತಿತ್ತು. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಪ್ರಧಾನಿಯೇ ಅಡಿಗಲ್ಲಿಟ್ಟು 40 ತಿಂಗಳ ಮಾತು ಕೊಟ್ಟರು. 40 ತಿಂಗಳೇನೋ 2025ರ ಅಕ್ಟೋಬರಿಗೆ ಕರಾರುವಾಕ್ಕಾಗಿ ಬಂದವು, ರೈಲು ಬರಲಿಲ್ಲ.

ಇಲ್ಲಿನ ನಾಲ್ಕು ವರ್ಷದ ಮಗುವಿನ ಮುಂದೆ ಒಂದು ಮೈಸೂರು ಪಾಕ್ ಇಟ್ಟು, ‘ಹದಿನೈದು ನಿಮಿಷ ತಡಿ ಪುಟ್ಟಾ, ಇನ್ನೊಂದು ತಂದುಕೊಡ್ತೀನಿ’ ಎಂದು ಹೇಳಿ ನೋಡಿ. ಅದು ಕೇಳುವುದು ಒಂದೇ ಪ್ರಶ್ನೆ: ‘ತರೋಕೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಬೇಕಾ ಅಂಕಲ್?’ ಹೌದು ಅಂದಿರೋ, ನೀವು ಚಪ್ಪಲಿ ಮೆಟ್ಟುವ ಮೊದಲೇ ತಟ್ಟೆ ಖಾಲಿ.