ಹೊರಗೆ ತರಿಸಿದ್ರೆ ಎಷ್ಟಾಗ್ತಿತ್ತು ಹೇಳಿ?

ತುಮಕೂರಿನಲ್ಲಿ ಭಾನುವಾರ ಸಂಜೆ ಯಾರಾದರೂ ಊಟಕ್ಕೆ ಕರೆದರೆ ನಿಶ್ಚಿಂತೆಯಾಗಿ ಹೋಗಬಹುದು. ಆದರೆ ಮನೆಯ ಯಜಮಾನರೇ ಫೋನ್ ಮಾಡಿ, ‘ಬನ್ರೀ, ಇವತ್ತು ನಂದೇ ಅಡುಗೆ’ ಎಂದರೆ ಹೊರಡುವ ಮುಂಚೆ ಎರಡು ಚಪಾತಿಯನ್ನಾದರೂ ಹೊಟ್ಟೆಗೆ ಹಾಕಿಕೊಂಡಿರಬೇಕು. ಈ ಯಜಮಾನರದು ಇತ್ತೀಚೆಗೆ ಹುಟ್ಟಿಕೊಂಡ ಕುಲ. ಇವರು ಸಾರು ಮಾಡುವುದಿಲ್ಲ, ಪಲ್ಯ ಮಾಡುವುದಿಲ್ಲ, ಮುದ್ದೆ ತಿರುವಲು ಕರೆದರೆ ಭುಜ ಹಿಡಿದುಕೊಳ್ಳುತ್ತಾರೆ. ಗೋಬಿ ಮಂಚೂರಿ, ಫ್ರೈಡ್ ರೈಸ್, ನೂಡಲ್ಸ್, ಮೋಮೊ, ಧೈರ್ಯ ಬಂದ ದಿನ ಥಾಯ್ ಕರ್ರಿ, ಇಷ್ಟಕ್ಕೆ ಮಾತ್ರ ಒಲೆ ಹಚ್ಚುತ್ತಾರೆ. ‘ತುಂಬಾ ಸಿಂಪಲ್ಲು ಕಣ್ರೀ, ಇಪ್ಪತ್ತೇ ನಿಮಿಷ’ ಎನ್ನುವುದು ಇವರ ಬೀಜಮಂತ್ರ. ಪಾರ್ಸೆಲ್ ತಂದುಕೊಡುವ ಹುಡುಗನ ಬೈಕ್ ಪಕ್ಕದ ಮನೆ ಮುಂದೆ ನಿಂತರೂ ಇವರಿಗೆ ಸಂಕಟವಾಗುತ್ತದೆ.

ಈ ಕುಲದವರು ಗುಬ್ಬಿಯಲ್ಲೂ ಇದ್ದಾರೆ, ನಮ್ಮ ಕುಣಿಗಲ್‌ನಲ್ಲೂ ಇದ್ದಾರೆ. ಕುಣಿಗಲ್‌ನವರು ನೂಡಲ್ಸ್‌ಗೇ ತೃಪ್ತರು, ಸೋಯಾ ಸಾಸ್ ಮುಗಿದರೆ ಹುಣಸೆರಸದಲ್ಲಿ ಸುಧಾರಿಸಿಕೊಳ್ಳುವ ಸಾತ್ವಿಕರು. ಪೂರ್ಣಾವತಾರವನ್ನು ನೋಡಬೇಕಾದರೆ ತುಮಕೂರಿಗೇ ಬರಬೇಕು. ಬಂದರೆ ನನ್ನ ಷಡ್ಡಕರ ಮನೆಗೇ ಬರಬೇಕು.

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಈಗ ನಿವೃತ್ತರು. ಸಾಲ ಕೇಳಲು ಬಂದವರ ಕಾಗದಪತ್ರ ನೋಡುತ್ತಿದ್ದ ಕಣ್ಣಿನಿಂದಲೇ ಈಗ ಹೂಕೋಸನ್ನು ನೋಡುತ್ತಾರೆ. ಇವರ ಪಾಕಜೀವನ ಆರಂಭವಾದ ದಿನಾಂಕವನ್ನೂ ಹೇಳಬಹುದು. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ರಾಜ್ಯದಲ್ಲಿ ನಿಷೇಧಿಸಿದ ಸುದ್ದಿ ಬಂತು. ಪರೀಕ್ಷೆಗೆ ತಂದಿದ್ದ ಗೋಬಿಯ 171 ಮಾದರಿಗಳಲ್ಲಿ 107ರಲ್ಲಿ ಅಪಾಯಕಾರಿ ಬಣ್ಣ ಸಿಕ್ಕಿತ್ತು. ಮಿಠಾಯಿಯಲ್ಲಂತೂ ಬಟ್ಟೆಗೆ ಹಾಕುವ ರೋಡಮೈನ್-ಬಿ. ಸರ್ಕಾರ ನಿಷೇಧಿಸಿದ್ದು ಬಣ್ಣವನ್ನು. ನಮ್ಮ ಷಡ್ಡಕರು ನಿಷೇಧಿಸಿದ್ದು ಗಾಡಿಯನ್ನು, ಹೋಟೆಲನ್ನು, ಮೊಬೈಲಿನಲ್ಲಿದ್ದ ಡೆಲಿವರಿ ಆ್ಯಪನ್ನು. ‘171ಕ್ಕೆ 107!’ ಎಂದು ಅವರು ಇವತ್ತಿಗೂ ಬಾಯಿಪಾಠ ಒಪ್ಪಿಸುತ್ತಾರೆ. ತಮ್ಮ ಶಾಖೆಯ ವಸೂಲಾಗದ ಸಾಲದ ಅಂಕಿಅಂಶ ಇಷ್ಟು ಚೆನ್ನಾಗಿ ಅವರಿಗೆ ನೆನಪಿದ್ದದ್ದನ್ನು ನಾನು ಕಂಡಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನನ್ನನ್ನು ಕಾಡುವುದು ಅವರ ಒಂದು ಪ್ರಶ್ನೆ. ತಟ್ಟೆ ಕೈಗೆ ಬಂದು, ಚಮಚ ಬಾಯಿಯ ಹತ್ತಿರ ಹೋಗಿರುತ್ತದೆ. ಆಗ ಎದುರು ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಾರೆ: ‘ಇದೇ ಹೊರಗೆ ತರಿಸಿದ್ರೆ ಎಷ್ಟಾಗ್ತಿತ್ತು ಹೇಳಿ?’

ಮೊದಲ ಸಲ ಈ ಪ್ರಶ್ನೆ ಎದುರಿಸಿದ ದಿನವನ್ನು ವಿವರವಾಗಿಯೇ ಹೇಳಬೇಕು. ಹೆಬ್ಬೂರು, ಗೂಳೂರು ದಾರಿಯಾಗಿ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು ಅವರ ಮನೆ ಸೇರುವಾಗ ಏಳೂವರೆ. ಹಸಿವು ಆಗಲೇ ಗೂಳೂರಿನಲ್ಲಿ ಹತ್ತಿಕೊಂಡಿತ್ತು. ಒಳಗೆ ಷಡ್ಡಕರು ಉಪ್ಪು, ಅರಿಶಿನ ಹಾಕಿದ ಬಿಸಿನೀರಿನಿಂದ ಹೂಕೋಸಿನ ತುಂಡುಗಳನ್ನು ಒಂದೊಂದಾಗಿ ಎತ್ತಿ, ಕನ್ನಡಕ ಹಣೆಗೇರಿಸಿ, ಹುಳ ಹುಡುಕುತ್ತಿದ್ದರು. ಹುಳ ಇಲ್ಲದ ತುಂಡುಗಳು ಬಟ್ಟೆಯ ಮೇಲೆ ಆರಬೇಕು, ಆರದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಎರಡು ಪಾಲು ಮೈದಾಗೆ ಒಂದು ಪಾಲು ಕಾರ್ನ್‌ಫ್ಲೋರ್, ಶುಂಠಿ-ಬೆಳ್ಳುಳ್ಳಿ ಪೇಸ್ಟು, ಖಾರದಪುಡಿ. ಒಂದು ಸಲ ಹದವಾದ ಉರಿಯಲ್ಲಿ ಕರಿದು ತೆಗೆದರು. ನಾನು ಎದ್ದು ಕೈ ತೊಳೆದುಕೊಂಡೆ. ‘ಕೂತ್ಕೊಳ್ರೀ, ಇದು ಫಸ್ಟ್ ಫ್ರೈ’ ಎಂದರು. ಅದು ಆರಬೇಕಂತೆ. ಆರಿದ ಮೇಲೆ ದೊಡ್ಡ ಉರಿಯಲ್ಲಿ ಎರಡನೆಯ ಸಲ ಕರಿದರೆ ಗರಿಗರಿ ಎನ್ನುತ್ತದಂತೆ. ಹಾಗೆನ್ನುವುದು ನಿಜವೇ, ಆದರೆ ನನ್ನ ಹೊಟ್ಟೆ ಅಷ್ಟರಲ್ಲಿ ಬೇರೆ ಏನೇನೋ ಎನ್ನುತ್ತಿತ್ತು. ಆಮೇಲೆ ಬಾಣಲೆಗೆ ಬೆಳ್ಳುಳ್ಳಿ, ಹಸಿಮೆಣಸು, ದಪ್ಪಗೆ ಹೆಚ್ಚಿದ ಈರುಳ್ಳಿ, ದೊಣ್ಣೆಮೆಣಸು, ಸೋಯಾ ಸಾಸು, ವಿನೆಗರ್. ಗಾಡಿಯವನ ಹಾಗೆ ಎಲ್ಲವನ್ನೂ ಮೇಲಕ್ಕೆ ಎಗರಿಸಿ ಹಿಡಿಯುವ ಪ್ರಯತ್ನವೂ ನಡೆಯಿತು. ಮೇಲೆ ಹೋದದ್ದೆಲ್ಲ ಬಾಣಲೆಗೇ ವಾಪಸಾಗಲಿಲ್ಲ.

ಪ್ಲೇಟು ಬಂದಾಗ ಹನ್ನೊಂದಕ್ಕೆ ಕಾಲು ಗಂಟೆ. ಪ್ರಶ್ನೆಯೂ ಬಂತು. ನಾನು ಕುಣಿಗಲ್‌ನವನು, ನಮ್ಮ ಬಸ್ ನಿಲ್ದಾಣದ ಹತ್ತಿರದ ಗಾಡಿಯ ದರ ನೆನಪಿಸಿಕೊಂಡು ‘ಒಂದು ಐವತ್ತು ರೂಪಾಯಿ’ ಎಂದೆ. ಅವರ ಮುಖ ನೋಡಬೇಕಿತ್ತು. ‘ಐವತ್ತಾ? ಪ್ಯಾಕಿಂಗ್ ಚಾರ್ಜು? ಡೆಲಿವರಿ ಚಾರ್ಜು? ಅದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ?’ ನನ್ನ ತಟ್ಟೆಗೆ ನಾಲ್ಕು ತುಂಡು ಬಿತ್ತು. ನನ್ನ ಹೆಂಡತಿ ಅಕ್ಕನ ಸಂಸಾರ ಬಲ್ಲವಳು. ‘ಇನ್ನೂರೈವತ್ತಕ್ಕೆ ಕಮ್ಮಿ ಇಲ್ಲ ಭಾವ’ ಎಂದಳು. ಅವಳಿಗೆ ಎಂಟು. ನನ್ನ ಮಗನಿಗೆ ಲೋಕಜ್ಞಾನ ನನಗಿಂತ ಹೆಚ್ಚು. ‘ಬೆಂಗಳೂರಲ್ಲಾದ್ರೆ ಐನೂರು ದೊಡ್ಡಪ್ಪ’ ಎಂದು ಬಾಣಲೆಯನ್ನೇ ತನ್ನ ಕಡೆಗೆ ಎಳೆದುಕೊಂಡ. ಒಳಗಿನಿಂದ ಅತ್ತಿಗೆಯವರ ದನಿ ಕೇಳಿಸಿತು: ‘ಒಂದು ಲೀಟರ್ ಎಣ್ಣೆ, ಅರ್ಧ ಸಿಂಕು ಪಾತ್ರೆ. ಅದರ ಜಿಎಸ್‌ಟಿ ಯಾರು ಕಟ್ತಾರೆ ಕೇಳಿ!’

ಆ ದಿನ ನಿಜವಾದ ತೀರ್ಪು ಬಂದದ್ದು ನಮ್ಮ ಅತ್ತೆಯವರಿಂದ. ಅವರದು ಗುಬ್ಬಿಯ ಹತ್ತಿರ ತೆಂಗು, ಅಡಿಕೆ ತೋಟದ ಮನೆ. ವಯಸ್ಸು ಎಪ್ಪತ್ತು ದಾಟಿದೆ. ಇಂಥ ಹಿರಿಯರು ಮಂಚೂರಿ ಕಂಡರೆ ಮುಖ ತಿರುಗಿಸುತ್ತಾರೆ, ರಾಗಿಯ ಮಹಿಮೆ ಹೇಳುತ್ತಾರೆ ಎಂದು ನೀವು ಭಾವಿಸಬಹುದು. ನಮ್ಮತ್ತೆ ಎರಡು ತುಂಡು ತಿಂದು, ಬೆರಳು ಒರೆಸಿಕೊಂಡು, ‘ಚೆನ್ನಾಗೈತೆ ಅಳಿಯಂದ್ರೇ. ಕೆಂಪು ಬಂದಿಲ್ಲ ಅಷ್ಟೇಯ. ಚನ್ನಬಸವೇಶ್ವರನ ಜಾತ್ರೇಲಿ ಒಳ್ಳೆ ಕೆಂಪಗಿರ್ತದೆ’ ಎಂದರು. ಷಡ್ಡಕರು 171, 107 ಎಂದು ಶುರು ಮಾಡಿದರು. ಅತ್ತೆ ಸಮಾಧಾನವಾಗಿ ಕೇಳಿಸಿಕೊಂಡು, ‘ವರ್ಷಕ್ಕೊಂದೇ ಜಾತ್ರೆ ಅಲ್ವೇ’ ಎಂದರು. ಮುಂದಿನ ಭಾನುವಾರದ ಹೊತ್ತಿಗೆ ಬ್ಯಾಡಗಿ ಮೆಣಸಿನಕಾಯಿ ಬಂದಿತ್ತು. ಬಿಸಿನೀರಿನಲ್ಲಿ ನೆನೆಸಿ ರುಬ್ಬಿದರೆ ಬಣ್ಣ ಗಾಢ, ಖಾರ ಕಮ್ಮಿ. ಈ ಬಣ್ಣಕ್ಕಾಗಿಯೇ ದೇಶವಿದೇಶದವರು ಅದನ್ನು ಕೊಳ್ಳುತ್ತಾರೆ, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಅಂದಿನ ಮಂಚೂರಿ ನಿಜಕ್ಕೂ ಕೆಂಪಗಿತ್ತು. ಅಂದು ನಾನು ‘ಮುನ್ನೂರು’ ಎಂದದ್ದು ಬರೀ ದಾಕ್ಷಿಣ್ಯಕ್ಕಲ್ಲ.

ಈ ಕುಲದವರ ಮಿಕ್ಕ ಲಕ್ಷಣಗಳನ್ನು ಬೇಗ ಹೇಳಿಬಿಡುತ್ತೇನೆ. ಇವರು ಇತಿಹಾಸ ಹೇಳುತ್ತಾರೆ, ತಪ್ಪಾಗಿ ಹೇಳುತ್ತಾರೆ. ಮಂಚೂರಿ ಚೀನಾದ ಮಂಚೂರಿಯಾದಿಂದ ಬಂತು ಎನ್ನುವುದು ಷಡ್ಡಕರ ಸಿದ್ಧಾಂತ. ವಾಸ್ತವವಾಗಿ ಚಿಕನ್ ಮಂಚೂರಿಯನ್ನು ಹುಟ್ಟಿಸಿದವರೆಂದು ಪ್ರಸಿದ್ಧರಾದವರು ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್. 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಗ್ರಾಹಕರೊಬ್ಬರು ಏನಾದರೂ ಹೊಸದು ಮಾಡಿ ಎಂದರಂತೆ. ಅವರು ನಮ್ಮ ಮಾಮೂಲು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದರಂತೆ. ಅದು ಕೋಳಿಯಿಂದ ಹೂಕೋಸಿಗೆ ಇಳಿದು ನಮ್ಮ ಜಾತ್ರೆಗಳಿಗೆ ಬಂತು. ಇದನ್ನು ನಾನು ಹೇಳಿದಾಗ ಷಡ್ಡಕರು ಒಂದು ಕ್ಷಣ ಸುಮ್ಮನಿದ್ದು, ‘ಹಾಗಾದ್ರೆ ನಮ್ಮದೇ ಅಡುಗೆ ಅಂತಾಯ್ತು’ ಎಂದು ಆ ಗೆಲುವನ್ನೂ ತಮ್ಮ ಖಾತೆಗೇ ಜಮಾ ಮಾಡಿಕೊಂಡರು.

ಅಜಿನೊಮೊಟೊ ಎಂದರೆ ಇವರಿಗೆ ಪೂತನಿಯ ಹಾಲು. 1908ರಲ್ಲಿ ಟೋಕಿಯೊದ ಕಿಕುನೇ ಇಕೆಡಾ ಎಂಬ ವಿಜ್ಞಾನಿ ಕೊಂಬು ಎನ್ನುವ ಕಡಲಕಳೆಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿದ. ಅಜಿನೊಮೊಟೊ ಪುಡಿಯಲ್ಲಿರುವ ಆ ಗ್ಲುಟಮೇಟೇ ಮಾಗಿದ ಟೊಮ್ಯಾಟೊದಲ್ಲೂ ಸೋಯಾ ಸಾಸ್‌ನಲ್ಲೂ ಇದೆ. ಷಡ್ಡಕರು ಪುಡಿಯ ಪೊಟ್ಟಣವನ್ನು ಚರಂಡಿಗೆ ಎಸೆದು ಸೋಯಾ ಸಾಸನ್ನು ಅರ್ಧ ಬಾಟಲಿ ಬಗ್ಗಿಸುತ್ತಾರೆ. ಫಿಶ್ ಸಾಸ್ ವಿಚಾರ ಮಾತ್ರ ಕೇಳಬೇಡಿ. ಹೆಸರು ಓದಿದ ಮೇಲೆ ಅತ್ತಿಗೆಯವರು ಸೂಪರ್ ಮಾರ್ಕೆಟ್‌ಗೆ ತಾವೂ ಜೊತೆಗೆ ಹೋಗಿ ಹಸಿರು ಚುಕ್ಕಿ ನೋಡಿಯೇ ಬುಟ್ಟಿಗೆ ಹಾಕಿಸುತ್ತಾರೆ.

ಫ್ರೈಡ್ ರೈಸ್ ಕೆಟ್ಟರೆ ತಪ್ಪು ಒಲೆಯದು. ಅದರಲ್ಲಿ ಅರ್ಧ ಸತ್ಯವಿದೆ. ಎಸ್‌ಐಟಿ ಕಾಲೇಜಿನ ಆಸುಪಾಸಿನ ಗಾಡಿಗಳಲ್ಲಿ ಭೋರೆಂದು ಉರಿಯುವ ಬರ್ನರಿಗೆ ಗ್ಯಾಸು ಹೆಚ್ಚಿನ ಒತ್ತಡದಲ್ಲಿ ಬರುತ್ತದೆ. ಮನೆಯ ರೆಗ್ಯುಲೇಟರು ಅದನ್ನು ತಗ್ಗಿಸಿ ಬಿಡುತ್ತದೆ. ಉರಿ ಸಾಲದೆ ತರಕಾರಿ ನೀರು ಬಿಟ್ಟುಕೊಳ್ಳುತ್ತದೆ, ಅನ್ನ ಮುದ್ದೆಯಾಗುತ್ತದೆ. ಒಂದೊಂದೇ ತಟ್ಟೆಯಷ್ಟು ಹಾಕಿ ಹುರಿದರೆ ಸರಿಹೋಗುತ್ತದೆ, ಆದರೆ ಇವರು ಬೀಗರಿಗೆಲ್ಲ ಆಗುವಷ್ಟನ್ನು ಒಟ್ಟಿಗೇ ಸುರಿಯುತ್ತಾರೆ. ಮಿಕ್ಕರ್ಧ ಸತ್ಯ ಹಿಂದಿನ ರಾತ್ರಿಯ ಅನ್ನದಲ್ಲಿದೆ. ಆರಿ ಗಟ್ಟಿಯಾದ ಅನ್ನವೇ ಉದುರುದುರಾಗುವುದು. ಷಡ್ಡಕರು ಇದನ್ನು ದೊಡ್ಡ ರಹಸ್ಯವೆಂಬಂತೆ ಹೇಳಿದಾಗ ಅತ್ತೆ ನಕ್ಕು, ‘ತಂಗಳನ್ನಕ್ಕೆ ಒಗ್ಗರಣೆ ಅನ್ನಿ’ ಎಂದರು. ಆ ಮಾತಿಗೆ ಉತ್ತರ ಇನ್ನೂ ಬಂದಿಲ್ಲ.

ಥಾಯ್ ಕರ್ರಿಯ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ. ಕಲ್ಪತರು ನಾಡಿನ ಅಡುಗೆಮನೆ. ಗುಬ್ಬಿಯಿಂದ ಬಂದ ತೆಂಗಿನಕಾಯಿ ಚೀಲ ಬಾಗಿಲಿಗೇ ಒರಗಿಕೊಂಡಿದೆ. ಷಡ್ಡಕರು ಅದನ್ನು ಕಾಲಿನಿಂದ ಆಚೆಗೆ ಸರಿಸಿ ಥಾಯ್ಲೆಂಡಿನ ತೆಂಗಿನ ಹಾಲಿನ ಡಬ್ಬಿ ಕೊರೆಯುತ್ತಿದ್ದಾರೆ! ‘ಏನಣ್ಣ ಇದು?’ ಎಂದೆ. ‘ಮನೆ ಹಾಲಿಗೆ ಆ ಕನ್ಸಿಸ್ಟೆನ್ಸಿ ಬರಲ್ಲ ಕಣ್ರೀ’ ಎಂದರು. ಅತ್ತೆ ಏನೂ ಅನ್ನಲಿಲ್ಲ. ಒಂದು ಕಾಯಿ ಒಡೆದು, ತುರಿದು, ರುಬ್ಬಿ, ಹಿಂಡಿ, ಗಟ್ಟಿ ಹಾಲನ್ನು ಒಂದು ಪಾತ್ರೆಗೆ, ಎರಡನೆಯ ಹಿಂಡಿನ ತೆಳು ಹಾಲನ್ನು ಇನ್ನೊಂದಕ್ಕೆ ತೆಗೆದಿಟ್ಟರು. ಒತ್ತು ಶಾವಿಗೆಗೆ ಕಾಯಿಹಾಲು ಮಾಡುವ ಕೈ ಅದು. ಥಾಯ್‌ನವರು ಮಾಡುವುದೂ ಹೀಗೆಯೇ: ಗಟ್ಟಿ ಹಾಲನ್ನು ಎಣ್ಣೆ ಬಿಡುವತನಕ ಕುದಿಸಿ ಮಸಾಲೆ ಹುರಿಯುತ್ತಾರೆ, ತೆಳು ಹಾಲನ್ನು ಆಮೇಲೆ ಬೆರೆಸುತ್ತಾರೆ. ಕೊನೆಗೆ ಷಡ್ಡಕರಿಗೆ ತುಳಸಿ ಬೇಕಾಯಿತು. ಥಾಯ್ ಅಡುಗೆಯ ‘ಕಪ್ರಾವ್’ ನಮ್ಮ ತುಳಸಿಯ ಜಾತಿಯೇ, ಅದೇನೂ ಸುಳ್ಳಲ್ಲ. ಆದರೆ ಸೂರ್ಯ ಮುಳುಗಿದ ಮೇಲೆ ತುಳಸಿ ಕೀಳುವುದುಂಟೇ? ಅತ್ತಿಗೆಯವರು ಕಟ್ಟೆಯ ಮುಂದೆ ಅಡ್ಡ ನಿಂತರು. ಕರ್ರಿಗೆ ಕೊತ್ತಂಬರಿ ಸೊಪ್ಪೇ ಗತಿಯಾಯಿತು. ರುಚಿ ಚೆನ್ನಾಗಿತ್ತು. ಡಬ್ಬಿಯ ಹಾಲು ಬೆಕ್ಕಿಗೆ ಹೋಯಿತು, ಬೆಕ್ಕು ಮೂಸಿ ಬಿಟ್ಟಿತು.

ಇಷ್ಟೆಲ್ಲ ಆಡಿಕೊಳ್ಳುವ ನಾನು ಚಹಾ ಸೋಸುವುದರಿಂದ ಮುಂದಕ್ಕೆ ಹೋದವನಲ್ಲ. ಕರೆದಾಗಲೆಲ್ಲ ಬಸ್ಸು ಹತ್ತಿ ಹೋಗುವುದನ್ನೂ ಬಿಟ್ಟಿಲ್ಲ. ನಮ್ಮ ತಂದೆಯ ಕಾಲದಲ್ಲಿ ಗಂಡಸು ಅಡುಗೆಮನೆಯ ಹೊಸ್ತಿಲು ದಾಟುತ್ತಿದ್ದದ್ದು ಸಿಲಿಂಡರ್ ಬದಲಿಸಲು ಮಾತ್ರ. ಷಡ್ಡಕರೂ ಕೆಲಸದಲ್ಲಿದ್ದಷ್ಟು ವರ್ಷ ಹಾಗೆಯೇ ಇದ್ದವರು. ವರ್ಗವಾದ ಊರುಗಳಿಂದ ಶನಿವಾರ ರಾತ್ರಿ ಬಂದು ಸೋಮವಾರ ಮುಂಜಾನೆ ಹೊರಟುಬಿಡುತ್ತಿದ್ದರು. ಮಗಳು ಬೆಳೆದದ್ದನ್ನು ಅವರು ಕಂತುಗಳಲ್ಲಿ ನೋಡಿದ್ದು. ಈಗ ಆ ಹುಡುಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ವಾರದ ಕೊನೆಗೆ ರೈಲಿನಲ್ಲಿ ಬರುತ್ತಾಳೆ. ಪಾರ್ಸೆಲ್ ತರಿಸಿದ ದಿನ ತಟ್ಟೆ ಹಿಡಿದು ಮೊಬೈಲಿನ ಜೊತೆ ತನ್ನ ಕೋಣೆ ಸೇರುತ್ತಿದ್ದಳು. ಅಪ್ಪ ಬಾಣಲೆ ಇಟ್ಟ ದಿನ ಈರುಳ್ಳಿ ಹೆಚ್ಚುತ್ತಾ, ಆಫೀಸಿನ ಬಾಸಿನ ಮೇಲೆ ಚಾಡಿ ಹೇಳುತ್ತಾ, ಅಪ್ಪನ ಫಸ್ಟ್ ಫ್ರೈಯನ್ನು ಕದ್ದು ತಿನ್ನುತ್ತಾ ಮೂರು ಗಂಟೆ ಅಡುಗೆಮನೆಯಲ್ಲೇ ಇರುತ್ತಾಳೆ. ಇಪ್ಪತ್ತು ನಿಮಿಷದ ಅಡುಗೆ ಮೂರು ಗಂಟೆ ಹಿಡಿಯುವುದು ಅವರಿಗೆ ಕೈ ಸಾಗದೆ ಎಂದು ನಾನು ತಿಳಿದಿದ್ದೆ. ಕೈ ಸಾಗುವುದಿಲ್ಲ, ಅದೂ ನಿಜವೇ. ಆದರೆ ಬೇಗ ಮುಗಿಸುವ ಆತುರವೂ ಅವರಿಗೆ ಇದ್ದಂತಿಲ್ಲ. ಹಿಂದೆ ಕಂತು ಕಟ್ಟದೆ ಬಿಟ್ಟದ್ದನ್ನು ಬ್ಯಾಂಕಿನವರು ಈಗ ಬಡ್ಡಿ ಸಮೇತ ತೀರಿಸುತ್ತಿದ್ದಾರೆ.

ಆದ್ದರಿಂದ ಮನೆಯಲ್ಲೇ ಮಂಚೂರಿ ಮಾಡುವ ಮಹನೀಯರಲ್ಲಿ ನನ್ನ ವಿನಂತಿ ಇಷ್ಟೇ. ಖಂಡಿತ ಮಾಡಿ. ಬಣ್ಣಕ್ಕೆ ಬ್ಯಾಡಗಿ ಹಾಕಿ, ಹಾಲಿಗೆ ಮನೆಯ ಕಾಯಿ ಒಡೆಯಿರಿ, ಅನ್ನವನ್ನು ಸ್ವಲ್ಪ ಸ್ವಲ್ಪವೇ ಹುರಿಯಿರಿ. ಏಳೂವರೆಗೆ ಕರೆದವರಿಗೆ ಒಂಬತ್ತಕ್ಕಾದರೂ ಬಡಿಸಿ. ಪಾತ್ರೆಯನ್ನು ನೀವೇ ತೊಳೆಯಿರಿ. ಅಲ್ಲಿಯವರೆಗೆ ಅದು ನಿಮ್ಮ ಅಡುಗೆಯಲ್ಲ, ನಿಮ್ಮ ಹೆಂಡತಿಯ ಕೆಲಸ. ಇನ್ನು ಹೊರಗೆ ತರಿಸಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಲೇಬೇಕೆನಿಸಿದರೆ ನಾವು ತಿಂದು ಕೈ ತೊಳೆದ ಮೇಲೆ ಕೇಳಿ. ಆಗ ನೀವು ಎಷ್ಟು ಹೇಳಿಸಬೇಕೋ ಅಷ್ಟನ್ನೂ ಹೇಳುತ್ತೇವೆ, ಜಿಎಸ್‌ಟಿ ಸೇರಿಸಿ.